ಗೆದ್ದ ವಾದ, ಕಟ್ಟಿದ ಪೈಪು

ಬೇಸಗೆ ರಜೆ ಸುರುವಾದ ಮರುದಿನವೇ ಅಮ್ಮಂದಿರು ಮಕ್ಕಳನ್ನು ಒಂದು ಬಟ್ಟೆಚೀಲದ ಜೊತೆ ಬಸ್ಸಿಗೆ ಹತ್ತಿಸಿ, ಕಂಡಕ್ಟರಿಗೆ "ಮೂಡುಬಿದಿರೆಯಲ್ಲಿ ಇಳಿಸಿಬಿಡಿ, ಮಾವ ನಿಂತಿರ್ತಾರೆ" ಎಂದು ಒಪ್ಪಿಸಿ, ನಿಶ್ಚಿಂತೆಯಿಂದ ಮನೆಗೆ ಮರಳುತ್ತಿದ್ದ ಕಾಲ ಅದು. ಬಹಳ ಹಳೆಯ ಕಾಲವೇನಲ್ಲ. ಮಾವನ ಕಿಸೆಯಲ್ಲಿ ಮೊಬೈಲ್ ಇತ್ತು, ಆದರೆ ಅದರಲ್ಲಿ ಮಕ್ಕಳು ನೋಡುವಂಥದ್ದು ಏನೂ ಇರಲಿಲ್ಲ. ಹಾಗಾಗಿ ನಾವು ಹೊತ್ತು ಕಳೆಯಲು ಜಗಳ ಮಾಡುತ್ತಿದ್ದೆವು.

ಆ ವರ್ಷ ನನಗೆ ಹನ್ನೊಂದು. 'ಮಕ್ಕಳಿಗೆ ಮನೆಗೆಲಸ ಬೇಕೇ ಬೇಡವೇ' ಎಂಬ ವಿಷಯದ ಚರ್ಚಾ ಸ್ಪರ್ಧೆಯಲ್ಲಿ ಬೇಡವೆಂದು ವಾದಿಸಿ, ಮೊದಲ ಬಹುಮಾನವಾಗಿ ಒಂದು ಸ್ಟೀಲ್ ಡಬ್ಬಿ ಗೆದ್ದು ಬಂಟ್ವಾಳದ ಮನೆಗೆ ತಂದಿದ್ದೆ. ಆ ಡಬ್ಬಿಯನ್ನು ತೊಳೆದು ಒರೆಸಿ ಜೀರಿಗೆ ತುಂಬಿಸುವ ಕೆಲಸವನ್ನು ಅಮ್ಮ ನನಗೇ ಕೊಟ್ಟರು. ಆದರೂ ಮಾತಿನಿಂದ ತಪ್ಪಿಸಿಕೊಳ್ಳಲಾಗದ ಕೆಲಸ ಜಗತ್ತಿನಲ್ಲಿ ಇಲ್ಲ ಎಂಬ ನನ್ನ ನಂಬಿಕೆ ಅಲುಗಲಿಲ್ಲ.

ಬೆಳುವಾಯಿಯ ಮಾವನ ಮನೆಗೆ ಆಗಷ್ಟೇ ಈಜುಕೊಳ ಬಂದಿತ್ತು. ಮಾವ ಮಸ್ಕತ್ತಿನ ಒಂದು ಹೋಟೆಲಿನಲ್ಲಿ ಬಹಳ ವರ್ಷ ದುಡಿದವರು. ಅಲ್ಲಿ ಬೇರೆಯವರು ಈಜುವುದನ್ನು ನೋಡಿ ನೋಡಿ, ಊರಿಗೆ ಮರಳಿದ ಮೇಲೆ ತಮ್ಮದೇ ಅಂಗಳದ ಬದಿಯಲ್ಲಿ ನೀಲಿ ಟೈಲ್ಸಿನ ಒಂದು ಕೊಳ ಕಟ್ಟಿಸಿದರು. ಮಾವನಿಗೆ ಈಜು ಬರುತ್ತಿರಲಿಲ್ಲ. ಸೊಂಟದ ತನಕ ನೀರಿನಲ್ಲಿ ನಿಂತು ಪೇಪರ್ ಓದುತ್ತಿದ್ದರು. ಅಜ್ಜಿಗಂತೂ ಅದು ಕೊನೆಯವರೆಗೂ ಕೆರೆಯೇ. "ಬಟ್ಟೆ ಒಗೆಯಲಿಕ್ಕಿಲ್ಲ, ಮೀನು ಬಿಡಲಿಕ್ಕಿಲ್ಲ, ಇದೊಂದು ಎಂತ ಕೆರೆ!" ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು.

ಕೊಳ ಕಟ್ಟಿದವರು ಪಾಣೆಮಂಗಳೂರಿನ ಮೋನಾಕ; ಮಾವನಿಗೆ ಬರೀ ಮೋನಾ. ಮಾವನಿದ್ದ ಹೋಟೆಲಿನಲ್ಲೇ ಈಜುಕೊಳ ನೋಡಿಕೊಳ್ಳುತ್ತಿದ್ದವರು, ದೀರ್ಘ ರಜೆಯಲ್ಲಿ ಊರಿಗೆ ಬಂದಿದ್ದರು. ಕೊಳಕ್ಕೆ ಮಾವ ಆರಿಸಿದ ಜಾಗ ನೋಡಿ ಅವರು ಮೊದಲ ದಿನವೇ ತಲೆಯ ಮೇಲೆ ಕೈ ಇಟ್ಟಿದ್ದರಂತೆ. ಅಲ್ಲೊಂದು ದೊಡ್ಡ ಕಾಟು ಮಾವಿನ, ಅಂದರೆ ಕಾಡುಮಾವಿನ, ಮರವಿತ್ತು.

"ಶೆಟ್ರೇ, ಮರದ ಬುಡದಲ್ಲಿ ಪೂಲ್ ಮಾಡುವುದು ಬೇಡ. ಎಲೆ ಬಿದ್ದು ಬಿದ್ದು ನಿಮಗೇ ಸಾಕಾಗ್ತದೆ."

"ನೆರಳು ಬೇಡವಾ ಮಾರಾಯ?"

"ನೆರಳಿನ ಜೊತೆ ಎಲೆಯೂ ಬರ್ತದಲ್ಲ ಶೆಟ್ರೇ."

ಮರ ಕಡಿಯುವ ಮಾತನ್ನು ಅಜ್ಜಿಯ ಎದುರು ಎತ್ತುವ ಹಾಗಿರಲಿಲ್ಲ. ಆ ಮರದ ಹಣ್ಣಿನ ಗೊಜ್ಜಿಲ್ಲದೆ ಅವರಿಗೆ ಬೇಸಗೆಯೇ ಇಲ್ಲ. ಹಾಗೆ ಮರವೂ ಉಳಿಯಿತು, ಕೊಳವೂ ಆಯಿತು. ಈಗಲೂ ಬ್ಲೀಚಿಂಗ್ ಪುಡಿಯ ವಾಸನೆಗೆ ಹಣ್ಣಾದ ಮಾವಿನ ವಾಸನೆ ಸೇರದಿದ್ದರೆ ನನ್ನ ಮೂಗು ಅದನ್ನು ಈಜುಕೊಳವೆಂದು ಒಪ್ಪುವುದಿಲ್ಲ. ಗಾಳಿ ಬಂದಾಗ ಹಣ್ಣು ದೊಪ್ಪೆಂದು ನೀರಿಗೇ ಬೀಳುತ್ತಿತ್ತು. ಮಾವನ ಮಗ ರಿತೇಶ ಮತ್ತು ನಾನು ಅದನ್ನು ಮುಳುಗಿ ಹೆಕ್ಕಿ, ಕೊಳದ ದಂಡೆಯಲ್ಲಿ ಕುಳಿತು ಉಪ್ಪು ಮೆಣಸಿನಪುಡಿ ಹಚ್ಚಿ ಚೀಪುತ್ತಿದ್ದೆವು. ಬೆರಳೆಲ್ಲ ನೆಂದು ಸುಕ್ಕುಗಟ್ಟಿರುತ್ತಿತ್ತು, ತುಟಿಯ ಬದಿ ಮಾವಿನ ಸೊನೆಗೆ ಉರಿಯುತ್ತಿತ್ತು.

ಎಲೆಗೆ ಮೋನಾಕ ಒಂದು ವ್ಯವಸ್ಥೆ ಮಾಡಿದ್ದರು. ಕೊಳದ ಗೋಡೆಯಲ್ಲಿ ನೀರಿನ ಮಟ್ಟಕ್ಕೆ ಸರಿಯಾಗಿ ಒಂದು ಚೌಕದ ಬಾಯಿ. ಅದರ ಹೆಸರು ಸ್ಕಿಮ್ಮರ್. ಪಂಪು ಹಾಕಿದರೆ ಮೇಲಿನ ನೀರು ತೇಲುವ ಎಲೆಗಳ ಸಮೇತ ಆ ಬಾಯಿಗೆ ನುಗ್ಗುತ್ತದೆ. ಒಳಗೆ ತೂತು ತೂತಿನ ಒಂದು ಬಿಳಿ ಬುಟ್ಟಿ. ಎಲೆ ಬುಟ್ಟಿಯಲ್ಲಿ ನಿಲ್ಲುತ್ತದೆ, ನೀರು ಮಾತ್ರ ಕೆಳಗಿನ ಪೈಪಿನಲ್ಲಿ ಪಂಪ್ ಶೆಡ್ಡಿಗೆ ಹೋಗಿ, ಫಿಲ್ಟರ್ ಹಾದು ಮರಳಿ ಕೊಳಕ್ಕೆ ಬರುತ್ತದೆ. ದಂಡೆಯ ಮೇಲಿನ ಉರುಟು ಮುಚ್ಚಳ ಎತ್ತಿ ಬುಟ್ಟಿ ಖಾಲಿ ಮಾಡುವ ಕೆಲಸ ಬೆಳಿಗ್ಗೆ ರಿತೇಶನದು, ಸಂಜೆ ನನ್ನದು.

"ಬುಟ್ಟಿ ಇಲ್ಲದೆ ಎಲೆ ಪೈಪಿಗೆ ಹೋದ್ರೆ ಎಂತ ಆಗ್ತದೆ?" ಎಂದು ರಜೆಯ ಮೊದಲ ವಾರ, ಕೊಳದ ಕೊನೆಯ ಕೆಲಸ ನಡೆಯುತ್ತಿದ್ದಾಗ, ನಾನು ಮೋನಾಕನನ್ನು ಕೇಳಿದ್ದೆ.

"ಹೋಗಬಾರದು."

"ಅದೇ, ಯಾಕೆ ಹೋಗಬಾರದು?"

"ಯಾಕೆಂದ್ರೆ ಹೋಗಬಾರದು. ನಿನ್ನ ಹತ್ತಿರ ಮಾತಾಡಿದ್ರೆ ನನ್ನ ಸಿಮೆಂಟು ಗಟ್ಟಿಯಾಗ್ತದೆ, ಆಚೆ ಹೋಗು ಮಗಳೇ."

ಸ್ಪರ್ಧೆಯಲ್ಲಿ ಎದುರಾಳಿ ಹೀಗೆ ಹೇಳಿದರೆ ಅದಕ್ಕೆ ಅಂಕವಿಲ್ಲ. ಉತ್ತರ ಇಲ್ಲವೆಂದೇ ನಾನು ಬರೆದುಕೊಂಡೆ.

ಮೇ ತಿಂಗಳ ಆ ವಾರ ಗಾಳಿ ಜೋರಿತ್ತು. ಸೋಮವಾರ ಸಂಜೆ ಬುಟ್ಟಿಯನ್ನು ನಾಲ್ಕು ಸಲ ಖಾಲಿ ಮಾಡಿದೆ. ನಾಲ್ಕು ಸಲವೂ ನಾನು ಬೆನ್ನು ತಿರುಗಿಸುವುದರೊಳಗೆ ತುಂಬಿತು. ಮಂಗಳವಾರ ದಂಡೆಯಲ್ಲಿ ಕುಳಿತು ರಿತೇಶನ ಎದುರು ವಿಷಯ ಮಂಡಿಸಿದೆ. ನಮ್ಮ ಮನೆಮಾತು ತುಳು. ಆದರೆ ವಾದವನ್ನು ಮಾತ್ರ ಕನ್ನಡದಲ್ಲೇ ಮಾಡಬೇಕೆಂದು ನಾನೊಂದು ನಿಯಮ ತಂದಿದ್ದೆ. ತುಳುವಿನಲ್ಲಿ ಅವನು ನನಗಿಂತ ಚುರುಕಿದ್ದ.

"ನೋಡು, ಬುಟ್ಟಿ ಎಲೆಯನ್ನು ತಡೆಯುತ್ತದೆ. ಹೌದಾ?"

"ಹೌದು."

"ನಿಂತ ಎಲೆ ನೀರನ್ನು ತಡೆಯುತ್ತದೆ. ಹೌದಾ?"

"ಹೌದು."

"ನೀರು ನಿಂತರೆ ಪೂಲ್ ಹಾಳಾಗುತ್ತದೆ. ಹಾಗಾದರೆ ಪೂಲನ್ನು ಹಾಳು ಮಾಡುವುದು ಯಾವುದು? ಬುಟ್ಟಿ!"

ರಿತೇಶ ತೇಲುತ್ತಿದ್ದ ಒಂದು ಎಲೆಯನ್ನು ಹೆಕ್ಕಿ ತಿರುಗಿಸಿ ನೋಡಿದ. ಕೊನೆಗೆ, "ಆದರೆ ಬುಟ್ಟಿ ತೆಗೆದರೆ ಎಲೆ ಎಲ್ಲಿಗೆ ಹೋಗ್ತದೆ?" ಎಂದ.

"ಪೈಪಿಗೆ."

"ಮತ್ತೆ?"

"ಮತ್ತಿನದ್ದು ಪೈಪಿನ ಸಮಸ್ಯೆ."

ಅಲ್ಲಿಗೆ ನಾನು ಗೆದ್ದೆ. ಸೋತವರು ಗೆದ್ದವರ ಗುಟ್ಟು ಬಿಡಬಾರದು ಎಂಬುದು ನಮ್ಮ ಇನ್ನೊಂದು ನಿಯಮ, ಅದನ್ನು ತಂದವಳೂ ನಾನೇ. ಬುಟ್ಟಿ ತೆಗೆದೆ. ಹಾಗೇ ಬಿಟ್ಟರೆ ಯಾರಾದರೂ ನೋಡಿಯಾರೆಂದು ಅದರ ತುಂಬ ಬಿದ್ದ ಹಣ್ಣು ಹೆಕ್ಕಿ ಅಜ್ಜಿಗೆ ಕೊಟ್ಟೆ. "ಒಳ್ಳೆ ಬುಟ್ಟಿ, ನೀರು ಇಳಿಯಲಿಕ್ಕೆ ತೂತೂ ಉಂಟು" ಎಂದು ಅಜ್ಜಿ ಅದನ್ನು ಒಲೆಯ ಬದಿಯ ಕಟ್ಟೆಯ ಮೇಲೆ ಇಟ್ಟುಕೊಂಡರು.

ಏನು ಹೇಳಲಿ, ಎರಡು ದಿನ ಕೊಳ ಕನ್ನಡಿಯ ಹಾಗಿತ್ತು! ಎಲೆ ಬಿದ್ದ ಕೂಡಲೇ ತೇಲುತ್ತ ಹೋಗಿ ಆ ಬಾಯಿಯಲ್ಲಿ ಮಾಯ. ಮಾವ ನೀರಿನಲ್ಲಿ ನಿಂತು ಪೇಪರಿನಿಂದ ಕಣ್ಣೆತ್ತಿ, "ಮಕ್ಕಳು ಈಗ ಚೆನ್ನಾಗಿ ಕೆಲಸ ಮಾಡ್ತಾರೆ" ಎಂದು ಹೊಗಳಿದರು. ನಾನು ವಿನಯದಿಂದ ತಲೆ ತಗ್ಗಿಸಿದೆ.

ಗುರುವಾರ ಬೆಳಿಗ್ಗೆ ಪಂಪು ಗಂಟಲು ಕಟ್ಟಿದವರ ಹಾಗೆ ಗೊರಗುಟ್ಟಿತು. ನೀರು ಮರಳಿ ಬರುವ ತೂತುಗಳಿಂದ ಬರೀ ಗುಳ್ಳೆ ಬಂತು. ಸ್ಕಿಮ್ಮರಿನ ಬಾಯಲ್ಲಿ ಎಲೆಗಳು ಮದುವೆ ಊಟದ ಬಾಗಿಲಿನಲ್ಲಿ ಕಾಯುವವರಂತೆ ಗುಂಪಾಗಿ ನಿಂತವು, ಒಳಗೆ ಹೋಗಲಿಲ್ಲ. ಮಾವ ದಂಡೆಯ ಮೇಲೆ ಮಂಡಿಯೂರಿ, ಬೇಲಿಯ ದಪ್ಪ ತಂತಿಯೊಂದನ್ನು ಅದೇ ಬಾಯಿಯಿಂದ ಕೆಳಗಿನ ಪೈಪಿಗೆ ತೂರಿಸಿ, ಗುದ್ದಿ ಗುದ್ದಿ ಬೆವರಿದರು. ಅದರಿಂದ ಒಳಗಿದ್ದದ್ದು ಇನ್ನಷ್ಟು ಗಟ್ಟಿಯಾಯಿತು ಎಂಬುದು ಆಮೇಲೆ ತಿಳಿದ ಸಂಗತಿ. ಪಂಪು ಸುಟ್ಟುಹೋದೀತೆಂದು ಬಂದ್ ಮಾಡಿದರು. ಶುಕ್ರವಾರ ನೀರು ಮಬ್ಬಾಯಿತು, ಶನಿವಾರ ಬೆಳಿಗ್ಗೆ ಎಳೆ ಹಸಿರು. ಅಜ್ಜಿ ಇಣುಕಿ ನೋಡಿ ತೃಪ್ತಿಯಿಂದ, "ಈಗ ಕೆರೆಯ ಹಾಗೆ ಕಾಣ್ತದೆ" ಎಂದರು.

ನನಗೆ ನಗು ಬಂತು. ಅಡುಗೆಮನೆಯ ಕಿಟಕಿಯ ಹೊರಗೆ ನಿಂತು ಮಾವ ಫೋನಿನಲ್ಲಿ ಮಾತಾಡುವುದು ಕೇಳಿದ ಮೇಲೆ ಆ ನಗು ಹೋಯಿತು. ವೇಣೂರಿನ ಬಳಿ ಮಾವನ ಸ್ನೇಹಿತರೊಬ್ಬರು ವಸತಿಗೃಹ ಕಟ್ಟಿಸುತ್ತಿದ್ದರು, ಅದಕ್ಕೂ ಈಜುಕೊಳ ಬೇಕಿತ್ತು. ಆ ಕೆಲಸವನ್ನೂ, ಮುಂದೆ ಅದನ್ನು ನೋಡಿಕೊಳ್ಳುವುದನ್ನೂ ಮೋನಾಕನಿಗೆ ಕೊಡಿಸಬೇಕೆಂದು ಮಾವ ಮಾತಾಡಿದ್ದರು. ಭಾನುವಾರ ಆ ಸ್ನೇಹಿತರು ಮಾವನ ಕೊಳ ನೋಡಲು ಬರುವವರು. ಒಪ್ಪಿಗೆಯಾದರೆ ಮೋನಾಕ ಊರಿನಲ್ಲೇ ಉಳಿಯುತ್ತಾರೆ, ಇಲ್ಲದಿದ್ದರೆ ತಿಂಗಳ ಕೊನೆಗೆ ಮಸ್ಕತ್ತಿನ ವಿಮಾನ. ಕೊನೆಯ ಟೈಲ್ಸ್ ಅಂಟಿಸುತ್ತಿದ್ದಾಗ ಅವರೊಮ್ಮೆ ನಗುತ್ತ ಹೇಳಿದ್ದರು: "ನನ್ನ ಸಣ್ಣ ಮಗಳು ನನ್ನನ್ನು ಮಾಮ ಅಂತ ಕರೀತಾಳೆ, ಗೊತ್ತುಂಟಾ? ಫೋಟೋದಲ್ಲಿ ಮಾತ್ರ ನೋಡಿದ್ದಲ್ಲವಾ, ಯಾರೋ ನೆಂಟರು ಅಂತ ಗ್ರಹಿಸಿದ್ದಾಳೆ."

"ಹೇಳಿಬಿಡು," ಎಂದ ರಿತೇಶ, ಪಂಪ್ ಶೆಡ್ಡಿನ ಹಿಂದೆ.

"ಬುಟ್ಟಿಯಿಂದಲೇ ಆಯಿತು ಅನ್ನಲಿಕ್ಕೆ ಎಂತ ಸಾಕ್ಷಿ ಉಂಟು?"

"ಸಾಕ್ಷಿ ಪೈಪಿನ ಒಳಗೆ ಉಂಟು ಮಾರಾಯ್ತಿ."

ನನಗಿಂತ ಒಂದೂವರೆ ವರ್ಷ ದೊಡ್ಡವನಾಗಿ ಅವನು ಹೇಳಿದ ಮೊದಲ ಸರಿಯಾದ ಮಾತು ಅದು. ನಾನು ಅವನ ಜೊತೆ ಮಾತು ಬಿಟ್ಟೆ.

ಮಧ್ಯಾಹ್ನ ಮೋನಾಕ ಬಂದರು. ಮಾವ ಆಗಲೇ ಪಿಕ್ಕಾಸು ತಂದು ಇಟ್ಟಿದ್ದರು.

"ಮೋನಾ, ಅಡಿಯಲ್ಲಿ ನಿನ್ನ ಜಾಯಿಂಟ್ ಬಿಟ್ಟಿದೆ. ಟೈಲ್ಸ್ ಒಡೆಯದೆ ಉಪಾಯ ಇಲ್ಲ."

"ನನ್ನ ಜಾಯಿಂಟ್ ಬಿಡುದಿಲ್ಲ ಶೆಟ್ರೇ. ಮೊದಲು ನೋಡುವ."

ಅವರು ಉರುಟು ಮುಚ್ಚಳ ಎತ್ತಿ ಒಳಗೆ ನೋಡಿದರು. ಆಮೇಲೆ ತಲೆ ಎತ್ತಿ ನಮ್ಮೆಲ್ಲರನ್ನೂ ನೋಡಿದರು.

"ಬುಟ್ಟಿ ಎಲ್ಲುಂಟು?"

ರಿತೇಶ ಮರದಲ್ಲಿ ಹಣ್ಣು ಎಣಿಸತೊಡಗಿದ.

"ನನ್ನ ಹತ್ತಿರ ಕೇಳ್ತೀಯಾ?" ಎಂದರು ಮಾವ. "ಹೋದ ವಾರ ಶುಕ್ರವಾರ ಮುಚ್ಚಳ ತೆಗೆದು ಕ್ಲೀನ್ ಮಾಡಿದ್ದು ನೀನು. ನಮಾಜಿಗೆ ತಡವಾಯ್ತು ಅಂತ ಗಡಿಬಿಡಿಯಲ್ಲಿ ಬೈಕ್ ಹತ್ತಿದ್ದೂ ನೀನು."

"ಬುಟ್ಟಿ ಹಾಕಿಯೇ ಹೋದದ್ದು ಶೆಟ್ರೇ."

"ಹಾಕಿದ್ದರೆ ಎಲ್ಲುಂಟು?"

"ಹಾಕಿದ ನೆನಪುಂಟು."

"ನೆನಪು ಉಂಟು, ಬುಟ್ಟಿ ಇಲ್ಲ! ನಾಳೆ ಅವರು ಬಂದ್ರೆ ನಿನ್ನ ನೆನಪನ್ನು ತೋರಿಸ್ಲಿಕ್ಕೆ ಆಗ್ತದಾ?"

ಮಾವ ಅಷ್ಟು ಚೆನ್ನಾಗಿ ವಾದಿಸಬಲ್ಲರೆಂದು ನನಗೆ ಗೊತ್ತಿರಲಿಲ್ಲ. ಆದರೆ ಅದಕ್ಕಿಂತ ವಿಚಿತ್ರವಾದದ್ದು ಮೋನಾಕನ ಮುಖ. ನನಗೆ ಎಂದೂ ಒಂದಂಗುಲ ಬಿಟ್ಟುಕೊಡದ ಮನುಷ್ಯ ಮುಚ್ಚಳವನ್ನು ಕೈಯಲ್ಲಿ ತಿರುಗಿಸುತ್ತ, ತಗ್ಗಿದ ದನಿಯಲ್ಲಿ, "ಗಡಿಬಿಡಿ ಇತ್ತು, ಅದು ಹೌದು. ಬಿಟ್ಟೇ ಹೋದೆನಾ ಏನೋ. ವಯಸ್ಸಾಗ್ತಾ ಬಂತಲ್ಲ ಶೆಟ್ರೇ" ಎಂದರು.

ಮಾಡದ ತಪ್ಪನ್ನು ಒಬ್ಬರು ಹೀಗೆ ಒಪ್ಪಿಕೊಳ್ಳಬಹುದೆಂದು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಸುಮ್ಮನಿದ್ದರೆ ಎಲ್ಲ ಮುಗಿಯುತ್ತಿತ್ತು. ನಾನು ಕೈ ಎತ್ತಿದೆ; ಶಾಲೆಯ ಅಭ್ಯಾಸ.

"ಮಾವಾ, ನಿಮ್ಮ ವಾದದಲ್ಲಿ ಒಂದು ತಪ್ಪುಂಟು."

"ಪಚ್ಚು, ಈಗ ನಿನ್ನ ಭಾಷಣ ಬೇಡ ಮಾರಾಯ್ತಿ."

"ಭಾಷಣ ಅಲ್ಲ. ಶುಕ್ರವಾರದ ನಂತರ ಶನಿವಾರ, ಭಾನುವಾರ, ಸೋಮವಾರ ಸಂಜೆ ನಾನು ಬುಟ್ಟಿ ಖಾಲಿ ಮಾಡಿದ್ದೇನೆ. ಇಲ್ಲದ ಬುಟ್ಟಿಯನ್ನು ಖಾಲಿ ಮಾಡ್ಲಿಕ್ಕೆ ಆಗುದಿಲ್ಲ. ಹಾಗಾದ್ರೆ ಮೋನಾಕ ಬುಟ್ಟಿ ಹಾಕಿಯೇ ಹೋಗಿದ್ದಾರೆ."

ಮಾವ ಬೆರಳಿನಲ್ಲಿ ವಾರ ಎಣಿಸಿದರು. "ಈಗ ಎಲ್ಲುಂಟು ಅದು?"

"ಅಡುಗೆಮನೆಯಲ್ಲಿ. ಮಾವಿನಹಣ್ಣು ಉಂಟು ಅದರಲ್ಲಿ."

"ಅಮ್ಮ ತೆಗೆದದ್ದಾ!" ಎಂದು ಮಾವ ಅಜ್ಜಿಯನ್ನು ಹುಡುಕುತ್ತ ಅಡುಗೆಮನೆಯ ಕಡೆ ತಿರುಗಿದರು.

ತಪ್ಪಿಸಿಕೊಳ್ಳಲು ಇಷ್ಟು ಒಳ್ಳೆಯ ಬಾಗಿಲು ನನಗೆ ಯಾವ ಸ್ಪರ್ಧೆಯಲ್ಲೂ ತೆರೆದದ್ದಿಲ್ಲ. ಅಜ್ಜಿಗೆ ಯಾರೂ ಬೈಯುವುದಿಲ್ಲ. ಅಜ್ಜಿಗೇ ಕೇಳಿದರೂ "ಹೌದೋ ಏನೋ" ಅಂದಾರು. ಆ ಬಾಗಿಲ ಹತ್ತಿರ ಒಂದು ಕ್ಷಣ ನಿಂತೆ ಎಂಬುದನ್ನು ಮುಚ್ಚಿಡುವುದಿಲ್ಲ.

"ಅಲ್ಲ. ನಾನು," ಎಂದೆ. ಕಾರಣವನ್ನೂ ಹೇಳಿದೆ: ಬುಟ್ಟಿ ಎಲೆಯನ್ನು ತಡೆಯುತ್ತದೆ, ಎಲೆ ನೀರನ್ನು ತಡೆಯುತ್ತದೆ, ಎಲ್ಲ ಹಂತ ಹಂತವಾಗಿ. ಹೇಳುತ್ತ ಹೇಳುತ್ತ ಅದು ಈಗಲೂ ಸರಿಯಾಗಿಯೇ ಕೇಳಿಸಿತು. ಅದೇ ನನಗೆ ಅಳು ಬರಿಸಿದ್ದು.

ಮಾವ ಬೈಯಲು ಬಾಯಿ ತೆರೆಯುವಷ್ಟರಲ್ಲಿ ಮೋನಾಕ ನಗಲು ಸುರು ಮಾಡಿದ್ದರು. ಮುಚ್ಚಳ ನೆಲಕ್ಕಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕರು. "ಶೆಟ್ರೇ, ಪಿಕ್ಕಾಸು ಒಳಗಿಡಿ. ಇದು ಬರೀ ಎಲೆ. ತಪ್ಪು ನನ್ನದೂ ಉಂಟು, ಇವಳು ಯಾಕೆ ಅಂತ ಕೇಳಿದಾಗ ಹೇಳಬೇಕಿತ್ತು. ಬಾ ಮಗಳೇ, ಈಗ ಹೇಳ್ತೇನೆ. ಕೈ ಕೊಡು."

ನನ್ನ ಕೈಯನ್ನು ಹಿಡಿದು ಸ್ಕಿಮ್ಮರಿನ ಒಳಗೆ, ತಳದ ಪೈಪಿನ ಬಾಯಿಗೆ ಇಟ್ಟರು. "ಇಲ್ಲಿಂದ ಗುದ್ದಿದ್ರೆ ಎಲೆ ಆಚೆ ತಿರುವಿನಲ್ಲಿ ಹೋಗಿ ಕೂತುಕೊಳ್ತದೆ. ಬಂದ ದಾರಿಯಲ್ಲೇ ವಾಪಸ್ ಕಳಿಸಬೇಕು. ನೀನು ಇಲ್ಲೇ ಕೈ ಇಟ್ಟು ಕೂತುಕೋ, ಏನು ಗೊತ್ತಾಗ್ತದೋ ಅದನ್ನು ಮಾತ್ರ ಹೇಳು. ನಿನ್ನ ಅಭಿಪ್ರಾಯ ಬೇಡ."

ಪಂಪ್ ಶೆಡ್ಡಿಗೆ ಹೋಗಿ ಕೊಳದ ತಳದಿಂದ ಬರುವ ಇನ್ನೊಂದು ಪೈಪಿನ ವಾಲ್ವ್ ಮುಚ್ಚಿದರು. ಸ್ಕಿಮ್ಮರಿನಿಂದ ಬರುವ ಪೈಪನ್ನು ಪಂಪಿನ ಮುಂದೆ ಬಿಚ್ಚಿದರು. ಬಾವಿಯ ಪಂಪಿನ ಹೋಸಿನ ತುದಿಗೆ ಹಳೆಯ ಸೈಕಲ್ ಟ್ಯೂಬ್ ಸುತ್ತಿ, ಬಿಚ್ಚಿದ ಪೈಪಿಗೆ ಬಿರಡೆಯ ಹಾಗೆ ಒತ್ತಿ ರಿತೇಶನ ಕೈಗೆ ಕೊಟ್ಟರು. ಬಾವಿಯ ಪಂಪಿನ ಸ್ವಿಚ್ಚಿನ ಹತ್ತಿರ ಅಜ್ಜಿಯನ್ನು ನಿಲ್ಲಿಸಿದರು.

"ಹಾಕಿ ಅಜ್ಜೀ!"

"ಹಾಕಿದೆ!"

"ತೆಗೀರಿ!"

"ಈಗಷ್ಟೇ ಹಾಕು ಅಂದದ್ದಲ್ಲವಾ!"

"ಜರ್ಕು ಕೊಡ್ಲಿಕ್ಕೆ ಅಜ್ಜೀ! ಹಾಕಿ! ಪಚ್ಚು, ಎಂತ ಗೊತ್ತಾಗ್ತದೆ?"

"ಏನಿಲ್ಲ."

"ಈಗ?"

"ತಣ್ಣಗೆ ಆಗ್ತಾ ಉಂಟು. ಪೈಪು ನಡುಗ್ತಾ ಉಂಟು. ನನ್ನ ಪ್ರಕಾರ..."

"ಪ್ರಕಾರ ಬೇಡ!"

ಮಾವನಿಗೆ ತಾಳ್ಮೆ ಮುಗಿಯಿತು. "ನೋಡುವ, ಸರಿ ಆಚೆ ಹೋಗು" ಎಂದು ನನ್ನನ್ನು ಪಕ್ಕಕ್ಕೆ ಸರಿಸಿ ಮುಖವನ್ನು ಮುಚ್ಚಳದ ತೂತಿಗೆ ಸರಿಯಾಗಿ ಬಗ್ಗಿಸಿದರು. ಅಷ್ಟರಲ್ಲಿ ಅಜ್ಜಿ ಹಾಕಿದರು. ಭೂಮಿಯ ಒಳಗೆ ಯಾರೋ ತೇಗಿದ ಹಾಗೊಂದು ಶಬ್ದವಾಯಿತು. ಮರುಕ್ಷಣ ಕಪ್ಪು ಕೊಳೆತ ಎಲೆಯ ಒಂದು ಉಂಡೆ ನೀರಿನ ಸಮೇತ ಹಾರಿ ಮಾವನ ಹಣೆಗೆ ಬಡಿದು, ಬಿಳಿ ಬನಿಯನಿನ ಮೇಲೆ ಹರಡಿತು. ಮಳೆಗಾಲದ ಮೊದಲ ದಿನ ಚರಂಡಿ ಕೆದಕಿದಾಗ ಬರುವ ವಾಸನೆ. ಉಂಡೆಯ ನಡುವಿನಲ್ಲಿ ಎಲೆಗಳನ್ನೆಲ್ಲ ಒಟ್ಟು ಹಿಡಿದುಕೊಂಡು ಕುಳಿತಿದ್ದದ್ದು ಚೆನ್ನಾಗಿ ಚೀಪಿದ ಒಂದು ಮಾವಿನ ಗೊರಟು.

"ಇದು ಯಾರದ್ದು?" ಎಂದರು ಮಾವ, ಕಣ್ಣು ಒರೆಸದೆಯೇ.

ಗೊರಟಿನ ವಿಷಯದಲ್ಲಿ ರಿತೇಶನಿಗೂ ನನಗೂ ಇವತ್ತಿಗೂ ಒಮ್ಮತವಿಲ್ಲ.

ಸಂಜೆಯ ಹೊತ್ತಿಗೆ ಪಂಪು ಮೊದಲಿನ ಹಾಗೆ ಹಾಡತೊಡಗಿತು. ಆದರೆ ನೀರು ಒಂದೇ ರಾತ್ರಿಯಲ್ಲಿ ತಿಳಿಯಾಗುವುದಿಲ್ಲ. "ನಾಳೆ ಅವರು ಬಂದಾಗ ನೀರು ಯಾಕೆ ಹಸಿರು ಅಂತ ನೀನೇ ಹೇಳಬೇಕು" ಎಂಬುದು ಮಾವ ನನಗೆ ಕೊಟ್ಟ ಶಿಕ್ಷೆ. ಭಾನುವಾರ ವೇಣೂರಿನವರು ಬಂದು ಕೊಳದ ಬದಿಯ ಕುರ್ಚಿಯಲ್ಲಿ ಕುಳಿತರು. ನಾನು "ಮಾನ್ಯ ಅತಿಥಿಗಳೇ" ಎಂದು ಸುರು ಮಾಡಿ, ನಾನು ಗೆದ್ದದ್ದು, ಪೈಪು ಕಟ್ಟಿದ್ದು, ಮೋನಾಕ ಬುಟ್ಟಿ ಹಾಕಿಯೇ ಹೋದದ್ದು, ಎಲ್ಲವನ್ನೂ ಮೂರು ನಿಮಿಷದಲ್ಲಿ ಹೇಳಿ ಮುಗಿಸಿದೆ. ದೂರದಲ್ಲಿ ಮೋನಾಕ ಪಂಪ್ ಶೆಡ್ಡಿನ ಬಾಗಿಲಿನಲ್ಲಿ ಒಗೆದ ಅಂಗಿ ಹಾಕಿ ನಿಂತಿದ್ದರು. ಯಾವ ಸ್ಪರ್ಧೆಯಲ್ಲೂ ತೀರ್ಪಿಗೆ ಹಾಗೆ ಕಾದವಳಲ್ಲ.

ವೇಣೂರಿನವರು ನನ್ನ ಕಡೆ ನೋಡಲೇ ಇಲ್ಲ. ಮೋನಾಕನನ್ನು ಕೇಳಿದರು: "ಸರಿ ಮಾಡ್ಲಿಕ್ಕೆ ಎಷ್ಟು ಹೊತ್ತಾಯ್ತು?"

"ಪೈಪಿಗೆ ಅರ್ಧ ಗಂಟೆ. ಇವಳಿಗೆ ಸ್ವಲ್ಪ ಜಾಸ್ತಿ ಬೇಕಾಯ್ತು."

ಬಂದವರು ಕಾಟು ಮಾವಿನ ಗೊಜ್ಜಿನಲ್ಲಿ ಎರಡು ಸಲ ಗಂಜಿ ಉಂಡು, ಕೈ ತೊಳೆಯುತ್ತ, "ಸೋಮವಾರ ಬಂದು ಜಾಗ ನೋಡಿ ಮೋನಾಕ. ಮರದ ಬುಡ ಆಗಬಹುದಾ?" ಎಂದರು. ಮೋನಾಕ ತಲೆಯ ಮೇಲೆ ಕೈ ಇಟ್ಟರು.

ಅವರು ಎಂಟು ವರ್ಷ ಊರಿನಲ್ಲಿ ಉಳಿದರು. ಮಗಳು ಮಾಮ ಅನ್ನುವುದನ್ನು ಬಿಟ್ಟಳಂತೆ. ಈಗ ಅವರಿಲ್ಲ. ಅಜ್ಜಿಯೂ ಇಲ್ಲ. ಮರವನ್ನು ಅಜ್ಜಿ ಹೋದ ಮರುವರ್ಷ ಸಿಡಿಲು ಕೊಂಡುಹೋಯಿತು. ರಿತೇಶ ಮಸ್ಕತ್ತಿನಲ್ಲಿದ್ದಾನೆ, ತುಳುವಿನಲ್ಲಿ ಬೈಯಲು ಅವನಿಗೆ ಅಲ್ಲಿ ಯಾರೂ ಸಿಗುವುದಿಲ್ಲವಂತೆ. ನಾನು ಕಾಲೇಜಿನಲ್ಲೂ ವಾದಿಸಿದೆ, ಈಗ ವಾದಿಸುವುದನ್ನು ಕಲಿಸುತ್ತೇನೆ. ಕಪಾಟಿನಲ್ಲಿ ಫಲಕಗಳಿವೆ. ಅವುಗಳಲ್ಲಿ ಅರ್ಧದಷ್ಟು ನಾನು ನಂಬದ ಪಕ್ಷಕ್ಕೆ ಮಾತಾಡಿ ಗೆದ್ದವು.

ಕಳೆದ ಬೇಸಗೆಯಲ್ಲಿ ಮಾವನ ಮನೆಗೆ ಹೋಗಿದ್ದೆ. ಫಿಲ್ಟರ್ ತೊಳೆಯಲೆಂದು ಶೆಡ್ಡಿನಲ್ಲಿ ಏನೋ ತಿರುಗಿಸಿ, ಹೊರಗೆ ನೀರು ಬಿಡುವ ವಾಲ್ವನ್ನು ಮುಚ್ಚಲು ಮರೆತೆ. ಬೆಳಿಗ್ಗೆ ನೋಡಿದರೆ ಕೊಳದ ನೀರು ಒಂದು ಗೇಣು ಇಳಿದಿತ್ತು. ಓಡಿಹೋಗಿ ವಾಲ್ವ್ ಮುಚ್ಚಿ ಬರುವಷ್ಟರಲ್ಲಿ ಮಾವ ದಂಡೆಯಲ್ಲಿ ನಿಂತಿದ್ದರು. "ನೀರು ಯಾಕೆ ಇಳಿಯಿತು ಪಚ್ಚು?" ಎಂದರು.

ಮರ ಹೋದ ಮೇಲೆ ನೆರಳಿಲ್ಲ, ನೆರಳಿಲ್ಲದ ನೀರು ಬಿಸಿಯಾಗುತ್ತದೆ, ಬಿಸಿಯಾದ ನೀರು ಆವಿಯಾಗುತ್ತದೆ ಎಂದು ನಾನು ವಿವರಿಸಿದೆ. ಹಂತ ಹಂತವಾಗಿ. ಎಲ್ಲಿಯೂ ಒಂದು ತೊದಲು ಬರಲಿಲ್ಲ. ಮಾವ ಗಮನವಿಟ್ಟು ಕೇಳಿ, "ಹೌದು, ಹಾಗೇ ಇರಬೇಕು. ನೀನು ಓದಿದವಳಲ್ಲವಾ" ಎಂದು ಬಾವಿಯ ಪಂಪಿನ ಸ್ವಿಚ್ಚು ಹಾಕಲು ಮೆಲ್ಲ ಮೆಲ್ಲ ನಡೆದರು.

ನಾನು ಕೈ ಎತ್ತಲಿಲ್ಲ. ಮಾವ ಪೇಪರ್ ಓದುತ್ತಾರೆ, ಪುಸ್ತಕ ಓದುವುದಿಲ್ಲ. ಅದನ್ನು ಯೋಚಿಸಿಯೇ ಈ ತಪ್ಪನ್ನು ಇಲ್ಲಿ, ಪುಸ್ತಕದಲ್ಲಿ, ಒಪ್ಪಿಕೊಂಡೆ. ಆ ದಿನ ಕೈ ಎತ್ತಲು ಹನ್ನೊಂದು ವರ್ಷದವಳಿಗೆ ಅಷ್ಟೆಲ್ಲ ಲೆಕ್ಕಾಚಾರ ಬೇಕಾಗಿರಲಿಲ್ಲ.